ಬೇಕಂತಲೇ ಕಲಿಸಿದ ತಪ್ಪು

ಕೊಹಿನೂರು ಹಳ್ಳಿಯ ಪಂಡರಿಯ ಮಗಳು ಉಮಾದೇವಿಗೆ ಒಂದು ಗುಣವಿತ್ತು. ಯಾರಾದರೂ ಒಳ್ಳೆಯದು ಮಾಡಿದರೆ ಎರಡು ದಿನದಲ್ಲಿ ಮರೆಯುತ್ತಿದ್ದಳು. ಕೆಟ್ಟದ್ದು ಮಾಡಿದರೆ ವಾರ, ತಾರೀಖು, ಅವತ್ತು ಅವರು ತೊಟ್ಟಿದ್ದ ಅಂಗಿಯ ಬಣ್ಣ ಸಹಿತ ನೆನಪಿಡುತ್ತಿದ್ದಳು. "ನಿನ್ನ ಹೊಟ್ಟ್ಯಾಗಿನ ಕೆಂಡ ಆರಂಗೇ ಇಲ್ಲ ನೋಡವ್ವ. ಬೂದಿ ಮುಚ್ಚಿ ಇಟ್ಕೋತಿ," ಅಂತ ಅವಳ ತಾಯಿ ಚಂದಮ್ಮ ಅನ್ನುತ್ತಿದ್ದಳು.

ಸತೀಶಕುಮಾರ ಅವತ್ತು ತೊಟ್ಟಿದ್ದದ್ದು ತಿಳಿನೀಲಿ ಅಂಗಿ.

ಸತೀಶಕುಮಾರ ಅಂದರೆ ಹುಮನಾಬಾದಿನ ತೊಗರಿಬೇಳೆ ಮಿಲ್ಲಿನ ಮನೆತನದವನು. ಮಿಲ್ಲಿನ ಹಿಂದಿನ ಜಾಗದಲ್ಲಿ ಮೂರಂತಸ್ತಿನ ಇಂಗ್ಲಿಷ್ ಮೀಡಿಯಂ ಶಾಲೆ ಕಟ್ಟಿಸಿ, ತಾನೇ ಸೆಕ್ರೆಟರಿಯಾಗಿದ್ದ. ಉಮಾದೇವಿ ಅಲ್ಲಿ ಯುಕೆಜಿ ಮಕ್ಕಳಿಗೆ ಟೀಚರ್. ಪಂಡರಿ ಕುರಿ ಕಾಯ್ದು, ಎರಡೆಕರೆ ಉತ್ತು ಮಗಳನ್ನು ಬಿ.ಎ., ಬಿ.ಎಡ್. ಓದಿಸಿದ್ದ. ಎರಡು ಬಸ್ಸು ಬದಲಿಸಿ ದಿನಾ ಹೋಗಿಬರುತ್ತಿದ್ದಳು.

ಆಗಸ್ಟ್ ತಿಂಗಳಲ್ಲಿ ಪುಟ್ಟ ಮಕ್ಕಳಿಗೆ ತರಕಾರಿ ವೇಷ ಹಾಕಿಸಿ ಸ್ಟೇಜಿಗೆ ಹತ್ತಿಸುವ ದಿನ ಬಂತು. ಮೈಕಿನಲ್ಲಿ ಸ್ವಾಗತ ಹೇಳುವ ಕೆಲಸ ಉಮಾದೇವಿಗೆ ಬಿತ್ತು. ಹಿಂದಿನ ದಿನ ಫೋನಿನ ಡಿಕ್ಷನರಿಯಲ್ಲಿ ತರಕಾರಿಯ ಇಂಗ್ಲಿಷ್ ಶಬ್ದವನ್ನು ಒತ್ತಿ ಒತ್ತಿ ಇಪ್ಪತ್ತು ಸಲ ಕೇಳಿ ಬಾಯಿಪಾಠ ಮಾಡಿದ್ದಳು. ಹೆದರಿಕೆ ಇಲ್ಲದೆ ನಿಂತು, "ವೆಲ್‌ಕಮ್ ಟು ಅವರ್ ವೆಜ್‌ಟಬಲ್ ಡೇ" ಅಂದಳು.

ಸತೀಶಕುಮಾರ ಕುರ್ಚಿಯಿಂದ ಎದ್ದು ಬಂದು ಅವಳ ಕೈಯಿಂದ ಮೈಕು ಕಸಿದುಕೊಂಡ.

"ಏನಂದ್ರಿ ಟೀಚರ್? ವೆಜ್‌ಟಬಲ್? ವೆ-ಜಿ-ಟೇ-ಬಲ್! ಟೇಬಲ್ ಅನ್ನಾಕ ಬರಂಗಿಲ್ಲೇನು?" ಎಂದು ಪಾಲಕರ ಕಡೆ ತಿರುಗಿ ನಕ್ಕ. "ತಪ್ಪು ಅವ್ರದಲ್ಲ ಬಿಡ್ರಿ. ಕುರಿ ಕಾಯೋರ ಮನ್ಯಾಗ ಟೇಬಲ್ ಎಲ್ಲಿ ಇರ್ತದ?"

ನಾಲ್ಕುನೂರು ಜನ ನಕ್ಕರು. ದೊಡ್ಡವರು ನಕ್ಕರೆಂದು ಬದನೇಕಾಯಿ ವೇಷದ ಹುಡುಗನೂ ನಕ್ಕ. ಅದನ್ನೆಲ್ಲ ಉಮಾದೇವಿ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವರ ಜೊತೆ ತಾನೂ ನಕ್ಕುಬಿಟ್ಟಿದ್ದಳು. ನಕ್ಕು, ಮೈಕು ವಾಪಸು ಇಸಗೊಂಡು, "ಸಾರಿ ಸರ್, ವೆಜಿಟೇಬಲ್, ವೆಜಿಟೇಬಲ್," ಅಂತ ಎರಡು ಸಲ ತಿದ್ದಿಕೊಂಡಿದ್ದಳು. ಅದು ಮಾತ್ರ ಗಂಟಲಲ್ಲಿ ಮುಳ್ಳಿನಂತೆ ಕೂತಿತು.

ಮಾರನೇ ದಿನದಿಂದ ಅವಳು ಶಾಲೆಗೆಲ್ಲ 'ಟೇಬಲ್ ಟೀಚರ್' ಆದಳು. ತಮ್ಮ ಮಕ್ಕಳನ್ನು ಬೇರೆ ಕ್ಲಾಸಿಗೆ ಹಾಕಿರೆಂದು ಇಬ್ಬರು ಪಾಲಕರು ಅರ್ಜಿ ಕೊಟ್ಟರು. ಸತೀಶಕುಮಾರ ಅವಳನ್ನು ಪಾಠದಿಂದ ತೆಗೆದು ಸ್ಕೂಲ್ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕೆ ಹಾಕಿದ. ದಸರೆ ರಜೆಗೆ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ.

"ಬಿಡವ್ವ, ಹುಮನಾಬಾದದಾಗ ಅದೊಂದೇ ಸಾಲಿ ಅದ ಏನು?" ಅಂದ ಪಂಡರಿ.

"ಸಾಲಿ ಬ್ಯಾಡಪ್ಪ. ನನಗ ಒಂದು ಕಾಗದ ಬೇಕು. ಅವನ ಮಾರಿ ಮುಂದ ಹಿಡಿದ್ರ ಅವನ ಬಾಯಿ ಮುಚ್ಚಬೇಕು, ಅಂಥಾ ಕಾಗದ."

ಬಿ.ಎಡ್. ಕಾಗದ ಊರ ತುಂಬ ಇದ್ದವು. ಅವಳು ಹುಡುಕಿ ಹುಡುಕಿ ಹೈದರಾಬಾದಿನ ಒಂದು ಸಂಸ್ಥೆಯ ಕೋರ್ಸಿಗೆ ಸೇರಿದಳು. ಇಂಗ್ಲಿಷ್ ತಮ್ಮ ಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ಟೀಚರುಗಳಿಗೆ ಕೊಡುವ ಸರ್ಟಿಫಿಕೇಟು ಅದು. ಮಸ್ಕತ್ತಿನಲ್ಲೂ ನಡೆಯುತ್ತದೆ, ವಿಯೆಟ್ನಾಮಿನಲ್ಲೂ ನಡೆಯುತ್ತದೆ ಎಂದಿದ್ದರು. ನಾಲ್ಕು ತಿಂಗಳು. ಮೊದಲು ಫೋನಿನಲ್ಲಿ ಪಾಠ, ಆಮೇಲೆ ನಿಮ್ಮ ನಿಮ್ಮ ಊರಿನಲ್ಲೇ ದೊಡ್ಡವರನ್ನು ಕೂಡಿಸಿ ಕಲಿಸಿ ತೋರಿಸಬೇಕು. ಪ್ರತಿ ಪಾಠ ರೆಕಾರ್ಡ್ ಮಾಡಿ ಕಳಿಸಬೇಕು. ಕೊನೆಯ ಪಾಠ ನೋಡಲು ಅವರೇ ಬರುತ್ತಾರೆ.

ಕೊಹಿನೂರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಒಂದು ದಿನ ಅವಳು ಅಲ್ಲೇ ಗೋಣಿತಟ್ಟಿನ ಮೇಲೆ ಕೂತಿದ್ದಾಗ, ಟ್ರೈನರ್ ವಹೀದಾ ಮೇಡಂ ಪರದೆಯ ಮೇಲೆ ನಾಲ್ಕು ಶಬ್ದ ಬರೆದರು. ವಹೀದಾ ಕಲಬುರ್ಗಿಯವರು. ಇಪ್ಪತ್ತು ವರ್ಷ ಜೆಡ್ಡಾದಲ್ಲಿ ಕಲಿಸಿ ಬಂದವರು.

"ಈ ಶಬ್ದಗಳನ್ನ ನಮ್ಮವರು ಬರೆದಂಗೇ ಓದ್ತಾರ," ಎಂದರು. "ವೆಜಿಟೇಬಲ್ ಅಂತಾರ. ಬರಿಯೋದರಾಗ ಟೇಬಲ್ ಅದ, ಮಾತಾಡೋದರಾಗ ಟೇಬಲ್ ಇಲ್ಲ. ಮೂರೇ ತುಂಡು. ವೆಜ್‌ಟಬಲ್. ಟೇಬಲ್ ಅಂದವರದು ತಪ್ಪು."

ಉಮಾದೇವಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಕ್ಲಾಸು ಮುಗಿಯುವ ತನಕ ಅವಳ ಕಿವಿಗೆ ಬೇರೇನೂ ಬೀಳಲಿಲ್ಲ. ಇಷ್ಟು ದಿನ ಸಿಟ್ಟಿನ ಜೊತೆ ನಾಚಿಕೆ ಬೆರೆತಿತ್ತು. ಫೋನು ಹೇಳಿದ್ದನ್ನು ತಾನೇ ತಪ್ಪು ಕೇಳಿಸಿಕೊಂಡಿರಬೇಕು, ಅನ್ನುವ ನಾಚಿಕೆ. ಅದು ಈಗ ಹೋಯಿತು. ಹಾಲು ಸೋಸಿದಂತೆ ಬರೀ ಸಿಟ್ಟು ಉಳಿಯಿತು. ಚಂದಮ್ಮ ಊಟಕ್ಕೆ ಕರೆದರೆ, "ಹಸಿವಿಲ್ಲ," ಅಂದಳು.

ಕಲಿಸಿ ತೋರಿಸುವ ಹಂತ ಬಂತು. ಬಸವಕಲ್ಯಾಣದಲ್ಲಿ ಲಾರಿ ಬಾಡಿ ಕಟ್ಟುವ ಓಣಿಯಲ್ಲಿ ಪಂಡರಿಗೆ ಪರಿಚಯದ ಬದ್ರುದ್ದೀನ್ ಚಾಚಾರ ಸ್ಪೇರ್ ಪಾರ್ಟ್ಸ್ ಅಂಗಡಿ. ಅವರು ಮೇಲಿನ ಕೋಣೆ ಕೊಟ್ಟರು, ತಾವೂ ಕಲಿಯಲು ಕೂತರು. ದುಬೈಯಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವರ ಜೊತೆ ಮಾತಾಡುವ ಆಸೆ. ಚಾಚಾರ ಹಿಂದೆ ಸುಮೇರಾ ಬಂದಳು. ಖಾಸಗಿ ದವಾಖಾನೆಯೊಂದರಲ್ಲಿ ನರ್ಸ್, ಮಸ್ಕತ್ತಿನ ಕೆಲಸದ ಇಂಟರ್ವ್ಯೂಗೆ ತಯಾರಾಗುತ್ತಿದ್ದಳು. ಕೆಳಗೆ ವೆಲ್ಡಿಂಗಿನ ಕಿಡಿ, ಸುತ್ತಿಗೆಯ ಸದ್ದು; ಮೇಲೆ ಸುಮೇರಾ ಒಂದೊಂದು ಶಬ್ದವನ್ನೂ ಕೆಂಪು ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ಉರ್ದು ಅರ್ಥದ ಸಮೇತ ಬರೆದುಕೊಳ್ಳುತ್ತಿದ್ದಳು. ಉಮಾದೇವಿ ಹೇಳಿದ್ದೆಲ್ಲ ಅವಳಿಗೆ ಕಲ್ಲಿನ ಮೇಲಿನ ಗೆರೆ.

ಇದರ ಜೊತೆಗೆ ಒಬ್ಬರೇ ಒಬ್ಬರಿಗೆ ಆರು ಪಾಠ ಕಲಿಸಬೇಕೆಂಬ ನಿಯಮವಿತ್ತು. ಹಾಗೆ ಕಲಿಯಬಯಸುವವರ ಹೆಸರುಗಳನ್ನು ಸಂಸ್ಥೆಯೇ ಕಳಿಸಿತು. ಎರಡನೆಯ ಹೆಸರು 'ಎಸ್. ಕುಮಾರ, ಹುಮನಾಬಾದ, ವ್ಯಾಪಾರ. ಪಾಠದ ವಿಷಯ ಗುಟ್ಟಾಗಿರಬೇಕು' ಅಂತ ಇತ್ತು. ಕೆಳಗಿನ ಫೋನ್ ನಂಬರು ನೋಡಿ ಉಮಾದೇವಿ ತಟಕ್ಕನೆ ನೆಟ್ಟಗೆ ಕೂತಳು. ರಜೆ ಕೇಳಲು ಎಷ್ಟೋ ಸಲ ಒತ್ತಿದ ನಂಬರು ಅದು.

ಮೊದಲನೆಯ ಹೆಸರು ಬಿಟ್ಟು ಎರಡನೆಯದಕ್ಕೆ ಟಿಕ್ ಹೊಡೆದಳು.

ಗುಟ್ಟು ಬೇಕಾದವನಿಗೆ ಹುಮನಾಬಾದಿಗಿಂತ ಬಸವಕಲ್ಯಾಣವೇ ಒಳ್ಳೆಯದಾಯಿತು. ಹೇಳಿದ ದಿನ ಕಾರು ದೂರ ನಿಲ್ಲಿಸಿ, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಸತೀಶಕುಮಾರ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲೇ ಅವಳನ್ನು ಕಂಡು ನಿಂತ.

"ನೀನ? ನೀ ಇಲ್ಲಿ ಏನು ಮಾಡಾಕತ್ತಿ?"

"ನಾನೇ ನಿಮ್ಮ ಟೀಚರ್ರಿ ಸರ್. ಕುಂದರ್ರಿ."

ಅವನು ಹಿಂದಕ್ಕೆ ತಿರುಗಿದ. ಎರಡು ಮೆಟ್ಟಿಲು ಇಳಿದ. ಮತ್ತೆ ನಿಂತ. ಇಳಿದುಹೋದರೆ ಇವಳು ನಾಳೆ ಹುಮನಾಬಾದಿನಲ್ಲೆಲ್ಲ ಸಾರುತ್ತಾಳೆ ಅನ್ನುವ ಲೆಕ್ಕ ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ಮೇಲೆ ಬಂದು ಕೂತ.

"ಫೆಬ್ರವರ್ಯಾಗ ದಿಲ್ಲಿ ಬೋರ್ಡಿನ ಕಮಿಟಿ ಬರ್ತದ, ಮಾನ್ಯತಾ ಕೊಡಾಕ," ಎಂದ, ನೆಲ ನೋಡುತ್ತ. "ಸಾಲಿ ಬಗ್ಗೆ ನಾನೇ ಇಂಗ್ಲಿಷಿನ್ಯಾಗ ಮಾತಾಡ್ತೀನಿ ಅಂತ ಎಲ್ಲಾರ ಮುಂದ ಹೇಳಿಬಿಟ್ಟೀನಿ. ಓದಾಕ ಬರ್ತದ. ಮಾತು... ಮಾತು ಬರಂಗಿಲ್ಲ. ಇದು ಹೊರಗ ಹೋಗಬಾರದು ನೋಡು."

"ನೋಡ್ರಿ ಅನ್ರಿ ಸರ್," ಎಂದಳು ಉಮಾದೇವಿ. "ನಾ ಇಲ್ಲಿ ಟೀಚರ್."

ಅವನ ಮುಖ ಕೆಂಪೇರಿತು. "ನೋಡ್ರಿ," ಎಂದ.

ಪಾಠದಲ್ಲಿ ಕನ್ನಡ ಕೂಡದು. ಮೇಜಿನ ಮೇಲೆ ಫೋನು ರೆಕಾರ್ಡ್ ಮಾಡುತ್ತಿತ್ತು. ಮೊದಲ ಎಂಟು ನಿಮಿಷದಲ್ಲಿ ಅವಳು ಅವನ ಮೂವತ್ತೆಂಟು ತಪ್ಪು ಬರೆದುಕೊಂಡಳು. ಕಲಿಯುವವರನ್ನು ಪ್ರತಿ ಮಾತಿಗೂ ತಡೆಯಬಾರದು, ಧೈರ್ಯ ಹೋಗುತ್ತದೆ ಎಂದು ವಹೀದಾ ಮೇಡಂ ಕಲಿಸಿದ್ದರು. ಉಮಾದೇವಿ ಪ್ರತಿ ಮಾತಿಗೂ ತಡೆದಳು. ನಗಲಿಲ್ಲ, ಬೈಯಲಿಲ್ಲ. "ಅಗೇನ್, ಸರ್." ಮತ್ತೆ, "ಅಗೇನ್, ಸರ್." ಡಿಸೆಂಬರಿನ ಥಂಡಿಯಲ್ಲಿ ಅವನ ಕಾಲರು ಬೆವರಿ ಒದ್ದೆಯಾಯಿತು. ತಾನೂ ಹೀಗೇ ಬೆವರಿದ್ದಳು, ಆಗಸ್ಟಿನಲ್ಲಿ.

ಆದರೆ ಒಂದು ವಿಚಿತ್ರ ನಡೆಯಿತು. ಅವನು ಕಲಿಯತೊಡಗಿದ. ಮಿಲ್ಲು ನಡೆಸಿದವನ ಹಟ ಅವನಿಗಿತ್ತು. ಮೂರನೇ ಪಾಠಕ್ಕೆ ಬರುವಾಗ ಮನೆಯಲ್ಲಿ ನೂರು ಸಲ ಹೇಳಿಕೊಂಡು ಬಂದಿದ್ದ. ಉಮಾದೇವಿಗೆ ಇದು ಬೇಕಾಗಿರಲಿಲ್ಲ. ತನ್ನ ಕೈಯಿಂದಲೇ ಈ ಮನುಷ್ಯ ಸುಧಾರಿಸಿ, ತಿಳಿನೀಲಿ ಅಂಗಿ ತೊಟ್ಟು, ಕಮಿಟಿಯ ಮುಂದೆ ಎದೆ ಉಬ್ಬಿಸಿ ನಿಲ್ಲುವುದನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ನಾಲ್ಕನೇ ಪಾಠ ಮುಗಿದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಅವನೇ ಕೇಳಿದ: "ಟೀಚರ್, ಭಾಷಣದಾಗ ಒಂದು ವಜನದಾರ ಶಬ್ದ ಬೇಕ್ರಿ. ನಮ್ಮ ಸಾಲಿ ಇಡೀ ತಾಲೂಕಿಗೇ ಹೆಸರುವಾಸಿ ಅಂತ ಹೇಳಬೇಕು. ಫೇಮಸ್ ಅಂತ ಎಲ್ಲಾರೂ ಅಂತಾರ. ಅದಕ್ಕಿಂತ ದೊಡ್ಡದು?"

ಉಮಾದೇವಿ ಯೋಚಿಸಲೇ ಇಲ್ಲ. ಆ ಶಬ್ದ ಅಲ್ಲೇ ಬಾಗಿಲಲ್ಲಿ ಕಾಯುತ್ತ ನಿಂತಿದ್ದಂತೆ ಬಂತು.

"ನೋಟೋರಿಯಸ್," ಎಂದಳು.

ಅವನು ಬಾಯಿ ತುಂಬ ಹೇಳಿ ನೋಡಿದ. ಬೆಲ್ಲ ಚೀಪಿದಂತೆ ಮತ್ತೊಮ್ಮೆ ಹೇಳಿದ. ಕಳ್ಳರಿಗೆ, ಠಕ್ಕರಿಗೆ, ಹೆಸರು ಕೆಟ್ಟು ಊರಿಗೆಲ್ಲ ಗೊತ್ತಾದವರಿಗೆ ಹೇಳುವ ಮಾತು ಅದು. ಕುಖ್ಯಾತ. ಅವನು ಅದನ್ನು ಅಂಗೈಯಲ್ಲಿ ಬರೆದುಕೊಂಡು ಖುಷಿಯಿಂದ ಮೆಟ್ಟಿಲು ಇಳಿದ.

ಕೊನೆಯ ಪಾಠ ನೋಡಲು ವಹೀದಾ ಮೇಡಂ ಕಲಬುರ್ಗಿಯಿಂದ ಬಂದರು. ದಪ್ಪ ಕನ್ನಡಕ, ಬೂದುಬಣ್ಣದ ಸ್ಕಾರ್ಫ್, ತೊಡೆಯ ಮೇಲೆ ಒಂದು ಫಾರಮ್ಮು. ಮೂಲೆಯಲ್ಲಿ ಕೂತರು. ಪಾಠ ನಡೆಯುವಾಗ ನೋಡುವವರು ಮಾತಾಡಕೂಡದು. ಸತೀಶಕುಮಾರನಿಗೆ ತನ್ನ ಭಾಷಣ ತೋರಿಸುವ ಉಮೇದು. ಎದ್ದು ನಿಂತು, ಒಂದೂ ಎಡವದೆ ಹೇಳಿದ: "ಅವರ್ ಸ್ಕೂಲ್ ಈಸ್ ದ ಮೋಸ್ಟ್ ನೋಟೋರಿಯಸ್ ಸ್ಕೂಲ್ ಇನ್ ಹುಮನಾಬಾದ್."

ವಹೀದಾರ ಪೆನ್ನು ಫಾರಮ್ಮಿನ ಮೇಲೆ ನಿಂತಿತು. ಕನ್ನಡಕದ ಮೇಲಿಂದ ಉಮಾದೇವಿಯನ್ನು ನೋಡಿದರು. ಉಮಾದೇವಿ ಕಿಟಕಿ ನೋಡಿದಳು.

ಪಾಠ ಮುಗಿಯಿತು. ಅವನು ಇಬ್ಬರಿಗೂ ಕೈಮುಗಿದು, "ನಮ್ಮ ಟೀಚರ್ ಭಾಳ ಛಲೋ ಕಲಿಸ್ತಾರ್ರೀ ಮೇಡಂ," ಎಂದು ಹೇಳಿಹೋದ. ಅವನ ಹೆಜ್ಜೆಯ ಸದ್ದು ಮೆಟ್ಟಿಲು ಇಳಿದ ಮೇಲೆ ವಹೀದಾ ಪೆನ್ನಿಗೆ ಮುಚ್ಚಳ ಹಾಕಿದರು.

"ಉಮಾದೇವಿ, ಆ ಶಬ್ದ ನೀವು ಕಲಿಸಿದ್ದೇನು?"

"ಹೌದ್ರಿ."

"ಅದರ ಅರ್ಥ ನಿಮಗ ಗೊತ್ತಿದ್ದಿಲ್ಲ. ಹೌದಲ್ಲ? ಗೊತ್ತಿದ್ದಿಲ್ಲ ಅಂದ್ರ ನಾ ಒಂದೆರಡು ಮಾರ್ಕ್ಸ್ ಕಡಿಮಿ ಮಾಡ್ತೀನಿ, ಅಷ್ಟೇ. ಯಾರಿಗಾದ್ರೂ ತಪ್ಪುತದ. ಪಾಸ್ ಆಗ್ತೀರಿ."

ಕೈ ಹಿಡಿದು ದಾಟಿಸಲು ವಹೀದಾ ಮೇಡಂ ಸಿದ್ಧರಿದ್ದರು. 'ಗೊತ್ತಿದ್ದಿಲ್ರಿ' ಎಂದಿದ್ದರೆ ಸಾಕಿತ್ತು. ಆದರೆ ಕುರಿ ಕಾಯುವವರ ಮಗಳಿಗೆ ಇಂಗ್ಲಿಷ್ ಗೊತ್ತಿಲ್ಲ ಎಂದು ಇನ್ನೊಂದು ಸಲ, ಅದೂ ತನ್ನ ಬಾಯಿಂದಲೇ ಹೇಳುವುದು ಉಮಾದೇವಿಯ ಕೈಲಾಗಲಿಲ್ಲ.

"ಗೊತ್ತಿತ್ರಿ ಮೇಡಂ. ಗೊತ್ತಿದ್ದೇ ಕಲಿಸೀನಿ."

ಆಗಸ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ವಹೀದಾ ಕೇಳಿದರು. ಮುಖದಲ್ಲಿ ಕನಿಕರ ಬಂದಿತ್ತು, ಆದರೆ ಮಾತಿನಲ್ಲಿ ಬರಲಿಲ್ಲ.

"ಅವ ಮಾಡಿದ್ದು ಜುಲುಮ್. ನೀವು ಹೋಗಿ ಅವನ ಸಾಲಿ ಮುಂದ ನಿಂತು ಬೈದಿದ್ರ ನಾನೂ ಬರ್ತಿದ್ದೆ. ಆದ್ರ ನೀವು ಬೈಲಿಲ್ಲ, ಕಲಿಸಿದ್ರಿ. ಕಲಿಯೋರು ಟೀಚರ್ ಮುಂದ ಕಣ್ಣು ಮುಚ್ಚಿ ಬಾಯಿ ತೆಗೀತಾರ. ಅದರಾಗ ಏನು ಹಾಕಿದ್ರಿ ನೀವು?" ಫಾರಮ್ಮು ಮಡಚಿ ಚೀಲಕ್ಕೆ ಹಾಕಿದರು. "ಕಮಿಟಿ ಬರೋದು ಗುರುವಾರ ಅಂದನಲ್ಲ. ಅದಕ್ಕಿಂತ ಮೊದಲು ಅವನಿಗೆ ಫೋನ್ ಮಾಡಿ ತಿದ್ದಿ, ನನಗ ತಿಳಿಸ್ರಿ. ನಿಮ್ಮ ಹೆಸರು ಪಾಸ್ ಆದವರ ಪಟ್ಟ್ಯಾಗ ಇಟ್ಕೋತೀನಿ. ಇಲ್ಲಂದ್ರ ಸರ್ಟಿಫಿಕೇಟ್ ಇಲ್ಲ."

ನಾಲ್ಕು ದಿನ ಇದ್ದವು. ಉಮಾದೇವಿ ದಿನಾ ಮಾಳಿಗೆ ಹತ್ತಿ ಆ ನಂಬರು ತೆಗೆದಳು. ದಿನಾ ಹೆಬ್ಬೆರಳು ಅದರ ಮೇಲೆ ಹೋಗಿ ನಿಂತಿತು. ಬುಧವಾರ ಸಂಜೆ ಚಂದಮ್ಮ ಕೇಳಿದಳು, "ಯಾರಿಗವ್ವ ಫೋನ್ ಹಚ್ಚಾಕತ್ತಿ?"

"ಯಾರಿಗೂ ಇಲ್ಲ," ಎಂದು ಫೋನು ಚಾರ್ಜಿಗೆ ಇಟ್ಟಳು.

ಗುರುವಾರ ಹುಮನಾಬಾದಿಗೆ ಹೋದಳು. ಹಳೆಯ ಜೊತೆಗಾತಿ ರೂಪಾಲಿ ಟೀಚರ್, "ಪಾಲಕರನ್ನೆಲ್ಲ ಕರದಾರ, ನೀನೂ ಬಾ," ಎಂದಿದ್ದಳು. ಕಮಿಟಿಯವರು ಸಾಮಾನ್ಯವಾಗಿ ಸುಮ್ಮನೆ ಬಂದು ಕಡತ ನೋಡಿಹೋಗುವವರು. ಸತೀಶಕುಮಾರನೇ ಶಾಮಿಯಾನ ಹಾಕಿಸಿ, ಐನೂರು ಜನ ಕೂಡಿಸಿದ್ದ. ಉಮಾದೇವಿ ಹಿಂದಿನ ಕಂಬಕ್ಕೆ ಒರಗಿ ನಿಂತಳು.

ಅವನು ಚೀಟಿ ಇಲ್ಲದೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿದ. ಅವಳಿಗೆ ತನ್ನ ಪಾಠದ ಗುರುತು ಪ್ರತಿ ವಾಕ್ಯದಲ್ಲೂ ಸಿಕ್ಕಿತು. ಆಮೇಲೆ ಆ ಶಬ್ದ ಬಂತು, ಎಲ್ಲಕ್ಕಿಂತ ಜೋರಾಗಿ.

ಕಮಿಟಿಯ ನಡುವೆ ಕೂತಿದ್ದ ಬಿಳಿಗೂದಲಿನವರು ತಲೆಯೆತ್ತಿದರು. "ನೋಟೋರಿಯಸ್? ಫಾರ್ ವಾಟ್, ಸರ್?"

ಹಳೆಯ ಸತೀಶಕುಮಾರನಾಗಿದ್ದರೆ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ಈಗ ತಿಳಿಯಿತು. "ಫಾರ್ ಡಿಸಿಪ್ಲಿನ್, ಸರ್. ಫಾರ್ ಸ್ಪೋಕನ್ ಇಂಗ್ಲಿಷ್. ಯೂ ಕ್ಯಾನ್ ಆಸ್ಕ್ ಎನಿ ಪೇರೆಂಟ್!"

ಕಮಿಟಿಯವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಒಬ್ಬ ಡಾಕ್ಟರು ಗೊಳ್ಳೆಂದ. ಪಕ್ಕದವನು, "ಏನ್ರಿ, ಏನಾತು?" ಎಂದು ಕೇಳಿದ. ಡಾಕ್ಟರು ಅರ್ಥ ಹೇಳಿದ. ಅರ್ಥ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಡೆದುಬಂತು. ನಗು ಅದರ ಬೆನ್ನಿಗೇ ಬಂತು. ಮೈಕಿನ ಮುಂದೆ ಸತೀಶಕುಮಾರ ಮೊದಲು ತಾನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಜನರನ್ನು ನೋಡಿದ. ಹುಡುಕುತ್ತ ಹುಡುಕುತ್ತ ಅವನ ಕಣ್ಣು ಹಿಂದಿನ ಕಂಬಕ್ಕೆ ಬಂತು.

ಉಮಾದೇವಿ ಕಣ್ಣು ತಪ್ಪಿಸಲಿಲ್ಲ. ಸೆರಗು ಕೂಡ ಸರಿಮಾಡಿಕೊಳ್ಳಲಿಲ್ಲ. ಅವನು ನೋಡಿದ, ತಿಳಿದುಕೊಂಡ, ಕೂತುಬಿಟ್ಟ.

ಅವಳಿಗೆ ಆಗ ಬೇಸರವಾಯಿತು, ಮನಸ್ಸು ಕರಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸುಗ್ಗಿಯ ಹೊಸ ಬೆಲ್ಲ ಬಾಯಿಗಿಟ್ಟಂತೆ ಆಯಿತು. ಮನೆಗೆ ಹೋಗಿ ನಾಲ್ಕು ಜೋಳದ ರೊಟ್ಟಿ ತಿಂದಳು.

ಎರಡು ದಿನದಲ್ಲಿ ಆ ವಿಡಿಯೋ ಮನ್ನಾಏಖೇಳ್ಳಿಯ ಚಾದಂಗಡಿಗೂ ಮುಟ್ಟಿತು. ಸತೀಶಕುಮಾರ ಪಾಲಕರನ್ನು ಮತ್ತೆ ಕರೆದು, "ತಪ್ಪು ನಂದಲ್ಲ. ಪಂಡರಿ ಮಗಳು ಬೇಕಂತಲೇ ತಪ್ಪು ಕಲ್ಸ್ಯಾಳ. ಆರು ಸಲ ಆಕಿ ಮುಂದ ಕುಂತು ಕಲ್ತೀನಿ," ಎಂದ. ಹೇಳಿದ ಮೇಲೆ ತಾನು ಏನು ಒಪ್ಪಿಕೊಂಡೆ ಎಂಬುದು ಅವನಿಗೆ ಹೊಳೆದಿರಬೇಕು. ರೂಪಾಲಿ ಫೋನಿನಲ್ಲಿ ಇದನ್ನು ಹೇಳುವಾಗ ಉಮಾದೇವಿ, "ಇನ್ನೊಂದು ಸಲ ಹೇಳು, ಅವನ ಮಾತಿನ್ಯಾಗೇ ಹೇಳು," ಎಂದು ಮೂರು ಸಲ ಹೇಳಿಸಿದಳು.

ಶಾಲೆಗೆ ಮಾನ್ಯತೆ ಸಿಕ್ಕಿತು. ಕಟ್ಟಡ ಗಟ್ಟಿಯಿತ್ತು, ಲ್ಯಾಬು ಇತ್ತು. ಭಾಷಣಕ್ಕೆ ಅಂಕ ಇರಲಿಲ್ಲ. ಉಮಾದೇವಿಯ ಸರ್ಟಿಫಿಕೇಟು ಬರಲಿಲ್ಲ. ವಹೀದಾ ಮೇಡಂ ಬೈದೂ ಬರೆಯಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಮೊದಲಿನಿಂದ ಸೇರಬಹುದು ಎಂದು ಸಂಸ್ಥೆಯ ಎರಡು ಸಾಲು ಬಂತು, ಅಷ್ಟೇ. ಅವಳು ಅದನ್ನೂ ತಡೆದುಕೊಂಡಳು.

ಮರುವಾರ ಬಸವಕಲ್ಯಾಣದ ಕೋಣೆಗೆ ಹೋದಳು. ಸರ್ಟಿಫಿಕೇಟು ಇರಲಿ ಬಿಡಲಿ, ಸುಮೇರಾಳ ಇಂಟರ್ವ್ಯೂ ಹತ್ತಿರ ಬಂದಿತ್ತು. ಬದ್ರುದ್ದೀನ್ ಚಾಚಾ ಮೊದಲೇ ಬಂದು ಕೂತಿದ್ದರು, ಆದರೆ ಸಲಾಮು ಹೇಳಲಿಲ್ಲ, ಕನ್ನಡಕ ಒರೆಸುತ್ತಿದ್ದರು. ಸುಮೇರಾ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಟೀಚರ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನಗ ಕಲಿಸಿದ್ದೆಲ್ಲಾ ಖರೇ ಅದ ಏನ್ರಿ?"

ಉಮಾದೇವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ನಿನಗ ಯಾಕ ತಪ್ಪು ಕಲಿಸ್ಲಿ ಸುಮೇರಾ? ನೀ ನನಗ ಏನು ಮಾಡೀದಿ?"

"ಆ ವಿಡಿಯೋದಾಗಿನ ಸಾಹೇಬ್ರಿಗೂ ಗೊತ್ತಾಗಿದ್ದಿಲ್ಲ ಅಲ್ರಿ," ಎಂದಳು ಸುಮೇರಾ ಮೆತ್ತಗೆ. "ನನಗ ಹ್ಯಾಂಗ ಗೊತ್ತಾಗಬೇಕು?"

ಉಮಾದೇವಿ ಕೂತಳು. ನೋಟ್‌ಬುಕ್ಕು ಇಸಗೊಂಡು ಮೊದಲ ಹಾಳೆ ತೆಗೆದಳು. ಫೋನಿನ ಡಿಕ್ಷನರಿಯನ್ನು ಅವರಿಬ್ಬರ ನಡುವೆ ಇಟ್ಟು, ಒಂದೊಂದೇ ಶಬ್ದ ಒತ್ತಿ, ಅದರ ಸದ್ದು ಕೇಳಿಸಿ, ಅರ್ಥ ಓದಿಸಿದಳು. ಸರಿಯಿದ್ದ ಪ್ರತಿ ಶಬ್ದದ ಪಕ್ಕಕ್ಕೆ ಸುಮೇರಾಳೇ ಟಿಕ್ ಹಾಕಿದಳು. ಚಾಚಾ ಕನ್ನಡಕ ಹಾಕಿಕೊಂಡು ತಮ್ಮದನ್ನೂ ತೆಗೆದರು. ಮಧ್ಯಾಹ್ನ ದಾಟಿತು. ಇನ್ನೂರಕ್ಕೂ ಹೆಚ್ಚು ಶಬ್ದ ಸರಿಯಾಗಿ ಬಂದವು. ಸುಮೇರಾಳ ಭುಜ ಸಡಿಲವಾಗುತ್ತ ಬಂತು. ಒಮ್ಮೆ ನಕ್ಕಳು ಕೂಡ.

ದವಾಖಾನೆಯ ಶಬ್ದಗಳ ಹಾಳೆಯಲ್ಲಿ 'ಗಾಯ' ಅನ್ನುವುದರ ಮುಂದೆ ಅವಳು 'ವೌಂಡ್' ಎಂದು ಬರೆದುಕೊಂಡಿದ್ದಳು, ಟೀಚರ್ ಹೇಳಿದಂತೆ. ಫೋನು ಒತ್ತಿದರೆ ಅದು 'ವೂಂಡ್' ಅಂದಿತು. ಉಮಾದೇವಿ ಮತ್ತೆ ಒತ್ತಿದಳು. ವೂಂಡ್.

"ಇದು ನನಗ ಖರೇನೇ ಗೊತ್ತಿದ್ದಿಲ್ಲ ಸುಮೇರಾ," ಎಂದಳು. "ದೇವರಾಣಿ. ಇದು ನಾ ತಿಳೀದೇ ಹೇಳಿದ್ದು."

ಸುಮೇರಾ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಹಳೆಯದರ ಮೇಲೆ ಗೆರೆ ಎಳೆದು, ಹೊಸದನ್ನು ಬರೆದು, ಮುಂದಿನ ಶಬ್ದಕ್ಕೆ ಬೆರಳಿಟ್ಟಳು.

ಮರುದಿನವೂ ಬಂದಳು, ಇಂಟರ್ವ್ಯೂ ದಿನದವರೆಗೂ ಬಂದಳು. ಆದರೆ ತನ್ನ ಫೋನಿಗೂ ಅದೇ ಡಿಕ್ಷನರಿ ಹಾಕಿಸಿಕೊಂಡಿದ್ದಳು. ಉಮಾದೇವಿ ಒಂದು ಹೊಸ ಶಬ್ದ ಹೇಳಿದ ಕೂಡಲೆ, ಟೀಚರಿನ ಕಣ್ಣೆದುರೇ ಅದನ್ನು ಒತ್ತಿ ಕಿವಿಗೆ ಹಿಡಿದು ಕೇಳಿ, ಆಮೇಲೆಯೇ ಪೆನ್ನು ಎತ್ತುತ್ತಿದ್ದಳು. ಅವಳು ಕೇಳಿ ಮುಗಿಸುವವರೆಗೆ ಉಮಾದೇವಿ ಬೋರ್ಡಿನ ಮುಂದೆ ಕಾಯುತ್ತ ನಿಂತಿರುತ್ತಿದ್ದಳು.